ಮದ್ದೂರಿನ ಹತ್ತಿರ ಜಮೀನಿಗೆ ವಾಪಸ್ ಬರ್ತಿದ್ದೀನಿ. ಟ್ರ್ಯಾಕ್ಟರ್ ತಗೋಬೇಕು, ಮನೇಲಿ ಚಿಕ್ಕ ಮಕ್ಕಳಿದ್ದಾರೆ, ಆಳುಗಳೂ ಬರ್ತಾರೆ. ಯಾವ ಯಾವ ಎಚ್ಚರಿಕೆ ಬೇಕು?

ಟ್ರ್ಯಾಕ್ಟರ್ ಅಂದ್ರೆ ಎಲ್ಲರಿಗೂ ಭಯ ಇರುತ್ತೆ ಸರ್, ಹಾಗಾಗಿ ಅದರ ಹತ್ತಿರ ಹುಷಾರಾಗೇ ಇರ್ತಾರೆ. ನೀವು ಮೊದಲು ಪಂಪ್‌ಸೆಟ್ ಹತ್ತಿರ ಹೋಗಿ ನೋಡಿ. ನಾನು ಪಾಂಡವಪುರದ ಕಡೆಯವನು, ಕಬ್ಬು, ಭತ್ತ ಎರಡೂ ಬೆಳೀತೀನಿ. ನಮ್ಮ ಕಡೆ ದಿನಾ ಮುಟ್ಟೋ ವಸ್ತುವಿನಿಂದಲೇ ಜನಕ್ಕೆ ಏಟು ಬೀಳೋದು.

ಮೋಟಾರ್‌ಗೆ ಬೇಕಾದ ತ್ರೀ ಫೇಸ್ ಕರೆಂಟ್ ರಾತ್ರಿ ಎಷ್ಟೊತ್ತಿಗೋ ಬರುತ್ತೆ ಅಂತ ಆಟೋ ಸ್ಟಾರ್ಟರ್ ಹಾಕಿಸಿರ್ತೀವಿ. ಕರೆಂಟ್ ಬಂದ ತಕ್ಷಣ ಮೋಟಾರ್ ತಾನೇ ಓಡುತ್ತೆ. ಒಂದ್ಸಲ ಕರೆಂಟ್ ಇಲ್ವಲ್ಲ ಅಂತ ವೈರ್ ಜಾಯಿಂಟ್‌ಗೆ ಟೇಪ್ ಸುತ್ತುತ್ತಾ ಕೂತಿದ್ದೆ, ಬಂದೇಬಿಡ್ತು. ಕಾಲಲ್ಲಿ ಹವಾಯಿ ಚಪ್ಪಲಿ ಇತ್ತು, ಬದುಕಿದೆ. ಎರಡು ಬೆರಳ ತುದೀಲಿ ಸುಟ್ಟ ಕಲೆ ಇನ್ನೂ ಇದೆ. ಈಗ ರಿಪೇರಿಗೆ ಮುಂಚೆ ಫ್ಯೂಸ್ ಮೂರೂ ಕಿತ್ತು ಜೇಬಿಗೇ ಹಾಕ್ಕೋತೀನಿ. ಪೆಟ್ಟಿಗೆ ಮೇಲೆ ಇಟ್ರೆ ಇನ್ಯಾರೋ ಬಂದು, "ಅಯ್ಯೋ ಯಾರೋ ಕಿತ್ತವ್ರೆ" ಅಂತ ವಾಪಸ್ ಹಾಕಿಬಿಡ್ತಾರೆ! ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ಹಾಕಿಸಿ, ಬೇಸಿಗೇಲಿ ಅದಕ್ಕೆ ನೀರು ಹುಯ್ಯೋದು ಮರೀಬೇಡಿ.

ಎರಡನೇದು ಔಷಧಿ. ವಿಷಕ್ಕೆ ನಾವು ಔಷಧಿ ಅಂತೀವಲ್ಲ, ತೊಂದರೆ ಅಲ್ಲೇ ಶುರು. ಮಿಕ್ಕಿದ್ದನ್ನ ಜ್ಯೂಸ್ ಬಾಟಲಿಗೆ ಸುರಿದು ಕಿಟಕೀಲಿ ಇಡ್ತಾರೆ. ನಮ್ಮ ಮನೇಲೂ ಇಟ್ಟಿದ್ರು, ತಮ್ಮನ ಮಗಳು ಮುಚ್ಚಳ ತಿರುಗಿಸ್ತಾ ಇದ್ದದ್ದನ್ನ ಅವ್ವ ನೋಡಿದ್ರು. ಆವತ್ತೇ ಬೀಗ ಇರೋ ತಗಡಿನ ಪೆಟ್ಟಿಗೆ ತಂದೆ. ಡಬ್ಬದ ಮೇಲಿನ ಬಣ್ಣ ನೋಡಿ: ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಕಳೆಗೆ ಹೊಡೆಯೋ ಪ್ಯಾರಾಕ್ವಾಟ್‌ಗಂತೂ ಪ್ರತಿವಿಷವೇ ಇಲ್ಲ, ನಾನು ಅದನ್ನ ಜಮೀನಿಗೆ ತರೋದೇ ಬಿಟ್ಟೆ. ಹೊಡೆಯೋರಿಗೆ ಗ್ಲೌಸ್ ಕೊಟ್ರೆ ಬೆವರು ಅಂತ ಬಿಚ್ಚಿಡ್ತಾರೆ. ಅದಕ್ಕಿಂತ ಕೆಟ್ಟದ್ದು, ಸ್ಪ್ರೇ ಪಂಪಿನ ನಾಝಲ್ ಕಟ್ಟಿಕೊಂಡ್ರೆ ಬಾಯಲ್ಲಿ ಊದೋದು. ಹಳೇ ಟೂತ್‌ಬ್ರಷ್ ಒಂದನ್ನ ದಾರದಲ್ಲಿ ಟ್ಯಾಂಕ್‌ಗೇ ಕಟ್ಟಿಬಿಡಿ. ಎಲೆ ಅಡಿಕೆ ಚೀಲ ಮಾತ್ರ ಕೆಲಸ ಮುಗಿಯೋವರೆಗೂ ನೀವೇ ಇಸ್ಕೊಂಡು ಇಟ್ಕೊಳ್ಳಿ, ಬೈಕೊಂಡ್ರೂ ಪರವಾಗಿಲ್ಲ.

ರಾತ್ರಿ ನೀರು ಕಟ್ಟೋಕೆ ಬರಿಗಾಲಲ್ಲಿ ಯಾರನ್ನೂ ಕಳಿಸಬೇಡಿ. ಗಮ್ ಬೂಟು, ಟಾರ್ಚು ಎರಡೂ ಇರಲಿ. ಕಬ್ಬಿನ ತರಗಲ್ಲಿ ಕೊಳಕುಮಂಡಲ ಹಾವು ಮಲಗಿದ್ರೆ ಕಾಣೋದೇ ಇಲ್ಲ. ಕಚ್ಚಿದ್ರೆ ಬಿಗಿಯಾಗಿ ಕಟ್ಟೋದು, ಬ್ಲೇಡಲ್ಲಿ ಕುಯ್ಯೋದು, ನಾಟಿ ಬೇರು ಅಂತ ಓಡಾಡೋದು ಯಾವುದೂ ಬೇಡ. ಕಾಲು ಅಲ್ಲಾಡಿಸದೆ, ನಡೆಸದೆ, 108ಕ್ಕೆ ಕಾಯೋದೋ ಸಿಕ್ಕ ಗಾಡಿ ಹಿಡಿಯೋದೋ, ಯಾವುದು ಬೇಗವೋ ಅದರಲ್ಲಿ ಹೋಗಿ. ಆಸ್ಪತ್ರೇಲಿ ರಕ್ತ ತೆಗೆದು ಗಾಜಿನ ಟ್ಯೂಬ್‌ನಲ್ಲಿ 20 ನಿಮಿಷ ಇಟ್ಟು, ಹೆಪ್ಪುಗಟ್ಟುತ್ತಾ ಅಂತ ನೋಡ್ತಾರೆ. ಆ ಹೊತ್ತಲ್ಲಿ ಸುಮ್ನೆ ಕೂರಿಸಿದ್ದಾರೆ ಅಂತ ಗಲಾಟೆ ಮಾಡಬೇಡಿ.

ಇನ್ನು ಟ್ರ್ಯಾಕ್ಟರ್. ಮಡ್‌ಗಾರ್ಡ್ ಮೇಲೆ ಮಕ್ಕಳನ್ನ ಕೂರಿಸಬೇಡಿ, ಹಿಂದೆ ಕಟ್ಟಿ ಮಣ್ಣು ಪುಡಿ ಮಾಡೋ ರೋಟವೇಟರ್ ತಿರುಗ್ತಿರುವಾಗ ಟವಲ್, ಸೀರೆ ಸೆರಗು ಹತ್ತಿರ ಸುಳೀಬಾರದು. ಇದು ನಿಮಗೂ ಗೊತ್ತಿರುತ್ತೆ. ಗೊತ್ತಿಲ್ಲದ್ದು ಕಟಾವಿನ ಸಮಯದ್ದು. ಕಬ್ಬು ಕಡಿಯೋ ಗ್ಯಾಂಗಿನವರು ಕೂಸುಗಳನ್ನ ನೆರಳಿಗೆ ಅಂತ ಟ್ರೇಲರ್ ಪಕ್ಕ ಸೋಗೆ ಮೇಲೆ ಮಲಗಿಸ್ತಾರೆ, ಮೇಲೊಂದು ಸೀರೆ ಹೊದಿಸಿದ್ರೆ ಮಗು ಯಾವುದು ಸೋಗೆ ಯಾವುದು ತಿಳಿಯಲ್ಲ. ನಮ್ಮ ಡ್ರೈವರ್ ಕೀ ತಿರುಗಿಸೋ ಮುಂಚೆ ಗಾಡಿ ಸುತ್ತ ಒಂದು ಸುತ್ತು ಬಂದು, "ಮಕ್ಕಳೆಲ್ರವ್ವಾ?" ಅಂತ ಕೂಗ್ತಾನೆ. ತಾಯಂದಿರು ಎತ್ತಿ ತೋರಿಸೋವರೆಗೂ ಗೇರ್ ಹಾಕಲ್ಲ.