ಕೊಡಗಿನ ಚಳಿಯಲ್ಲಿ ಮನೆ ಹುಡುಕುತ್ತಿದ್ದೀರಾ? ಮೊದಲು ಒಂದು ಭಾನುವಾರ ಮನೆಯಲ್ಲೇ ಇರಿ

ನಿಮ್ಮ ಪ್ರಶ್ನೆ ಓದಿದ ಕೂಡಲೇ ಬರೆಯಬೇಕು ಅನ್ನಿಸಿತು. ಅಕ್ಟೋಬರ್‌ನಲ್ಲಿ ವರ್ಗವಾಗಿ ಮೈಸೂರಿನಿಂದ ಮಡಿಕೇರಿಗೆ ಬಂದಿದ್ದೀರಿ, ಬಾಡಿಗೆ ಮನೆ, ಅಮ್ಮನಿಗೆ ಈ ಚಳಿ ಆಗುತ್ತಿಲ್ಲ, ಸ್ವಂತಕ್ಕೆ ಒಂದು ಮನೆ ತಗೊಳ್ಳೋಣ ಅಂತ ಭಾನುವಾರ ಭಾನುವಾರ ಸುತ್ತಿ 15 ಮನೆ ನೋಡಿದ್ದೀರಿ, ಈಗ ಯಾವುದರ ಬಚ್ಚಲು ಯಾವುದು ಅಂತಲೇ ನೆನಪಿಲ್ಲ. ಚಳಿಗಾಲದಲ್ಲಿ ಮನೆಯಲ್ಲಿ ಹಾಯಾಗಿರುವುದು ಹೇಗೆ, ಈ ಹುಡುಕಾಟ ಕಡಿಮೆ ಮಾಡಿಕೊಳ್ಳುವುದು ಹೇಗೆ ಅಂತ ಎರಡು ಪ್ರಶ್ನೆ ಕೇಳಿದ್ದೀರಿ. ನನಗೆ ಎರಡೂ ಒಂದೇ ಪ್ರಶ್ನೆ ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ನಾವು ಮಡಿಕೇರಿಯಲ್ಲಿ ಒಂಬತ್ತು ವರ್ಷ ಬಾಡಿಗೆಗಿದ್ದೆವು. ಆಮೇಲೆ ಕುಶಾಲನಗರಕ್ಕೆ ಹೋಗುವ ದಾರಿಯ ಸುಂಟಿಕೊಪ್ಪದ ಕಡೆ ಒಂದು ಸಣ್ಣ ಹೆಂಚಿನ ಮನೆ ತೆಗೆದುಕೊಂಡೆವು. ಅದಕ್ಕೆ ಮೊದಲು ಒಂದೂವರೆ ವರ್ಷ ಹುಡುಕಿದ್ದೇವೆ, 30ಕ್ಕೂ ಜಾಸ್ತಿ ಮನೆ ನೋಡಿದ್ದೇವೆ. ಅದರಲ್ಲಿ 25 ಮನೆಗಳ ಬಾಗಿಲಿಗೆ ಹೋಗುವ ಅಗತ್ಯವೇ ಇರಲಿಲ್ಲ. ನಮಗೆ ಏನು ಬೇಕು ಅಂತ ನಮಗೇ ಗೊತ್ತಿರಲಿಲ್ಲ. ಬ್ರೋಕರ್ ಕೇಳಿದರೆ ಎಲ್ಲರ ಹಾಗೆ ಮೂರು ಬೆಡ್‌ರೂಮ್, ಕಾರ್ ನಿಲ್ಲಿಸೋಕೆ ಜಾಗ, ಒಳ್ಳೆ ವ್ಯೂ ಅನ್ನುತ್ತಿದ್ದೆವು. ಅವರು ಕರೆದಲ್ಲಿಗೆಲ್ಲ ಹೋಗುತ್ತಿದ್ದೆವು.

ಒಂದು ಜನವರಿಯಲ್ಲಿ ಕಾರು ಗ್ಯಾರೇಜಿಗೆ ಹೋಯಿತು. ಎರಡು ಭಾನುವಾರ ಎಲ್ಲೂ ಹೋಗಲಿಲ್ಲ. ಅತ್ತೆ ದಿನಾ ಬೆಳಿಗ್ಗೆ ಬೆಲ್ಲದ ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಮಣೆ ಹಾಕಿಕೊಂಡು ಬಿಸಿಲಿಗೆ ಕೂರುತ್ತಿದ್ದರು. ಬಿಸಿಲು ಸರಿದ ಹಾಗೆ ಮಣೆಯೂ ಸರಿಯುತ್ತಿತ್ತು. ಮಗಳಿಗೆ ಅದೇ ಆಟ. ಸೀಮೆಸುಣ್ಣ ತಂದು ಅಜ್ಜಿಯ ಮಣೆ ಇದ್ದಲ್ಲಿ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆದಳು. ಎಂಟೂವರೆ. ಒಂಬತ್ತು. ಒಂಬತ್ತೂವರೆ. ಹತ್ತೂಕಾಲಿಗೆ ಗೆರೆ ಜಗಲಿಯ ಅಂಚಿಗೆ ಬಂದು ನಿಂತಿತು. ಅಲ್ಲಿಂದ ಮುಂದೆ ಆ ಮನೆಯಲ್ಲಿ ಮಾರನೇ ದಿನದವರೆಗೆ ಬಿಸಿಲೇ ಇಲ್ಲ.

ಕೆಂಪು ನೆಲದ ಮೇಲೆ ಬಿಳಿ ಗೆರೆಗಳನ್ನು ನೋಡುತ್ತಾ ನಿಂತಾಗ, ನಾವು ನಾಲ್ಕು ಜನ ದಿನವಿಡೀ ನಿಜವಾಗಿ ಎಲ್ಲಿ ಕೂರುತ್ತೇವೆ ಅಂತ ಮೊದಲ ಸಲ ಯೋಚಿಸಿದೆ. ಬೆಳಿಗ್ಗೆ ಜಗಲಿ. ಆಮೇಲೆ ಅಡುಗೆಮನೆ, ಒಲೆ ಹತ್ತಿರ. ಸಂಜೆ ಮಗಳ ಹೋಂವರ್ಕ್ ಕೂಡ ಅಲ್ಲೇ. ಹಾಲ್‌ನಲ್ಲಿ ಸೋಫಾ ಇತ್ತು, ಟಿವಿ ಇತ್ತು, ಕಾಲಿಟ್ಟರೆ ನೆಲ ಕೊರೆಯುತ್ತಿತ್ತು, ಯಾರೂ ಕೂರುತ್ತಿರಲಿಲ್ಲ. ಎರಡನೇ ಬೆಡ್‌ರೂಮಿನಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದೆವು. ಅಂದಮೇಲೆ ಮೂರನೇ ಬೆಡ್‌ರೂಮ್ ಯಾಕೆ ಹುಡುಕುತ್ತಿದ್ದೆವು?

ಅವತ್ತು ರಾತ್ರಿ ಮೂರೇ ಸಾಲು ಬರೆದೆವು. ಬೆಳಿಗ್ಗೆ ಬಿಸಿಲು ಬೀಳುವ ಜಗಲಿ. ನಾಲ್ಕು ಜನ ಕೂತು ಉಣ್ಣುವಷ್ಟು ದೊಡ್ಡ ಅಡುಗೆಮನೆ. ಸೌದೆ ಒಲೆ, ಹಂಡೆ ಇರುವ ಬಚ್ಚಲು. ಉಳಿದದ್ದು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಫೋನಿನಲ್ಲೇ ಈ ಮೂರು ಕೇಳಲು ಶುರುಮಾಡಿದ ಮೇಲೆ ತಿಂಗಳಿಗೆ ಎರಡು ಮನೆ ನೋಡಿದರೆ ಹೆಚ್ಚು. ನಿಮ್ಮ ಮೂರು ಸಾಲು ಬೇರೆಯೇ ಇರುತ್ತವೆ. ಆದರೆ ಅವು ಸಿಗುವುದು ಈಗ ಇರುವ ಮನೆಯಲ್ಲೇ, ಈ ಚಳಿಯಲ್ಲೇ. ಹಾಗಾಗಿ ಈ ಭಾನುವಾರ ಎಲ್ಲಿಗೂ ಹೋಗಬೇಡಿ. ಅಮ್ಮ ಎಲ್ಲಿ ಕೂರುತ್ತಾರೆ ನೋಡಿ.

ಬಿಸಿಲಿನ ಬಗ್ಗೆ ಇನ್ನೊಂದು ಮಾತು, ಯಾಕೆಂದರೆ ಬ್ರೋಕರ್‌ಗಳು ‘ಈಸ್ಟ್ ಫೇಸಿಂಗ್’ ಅಂದುಬಿಟ್ಟರೆ ಮುಗಿಯಿತು ಅಂದುಕೊಳ್ಳುತ್ತಾರೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಡಿಸೆಂಬರ್ 22ರ ಆಸುಪಾಸು ನಮ್ಮ ಕಡೆ ನಡು ಮಧ್ಯಾಹ್ನವೂ ಸುಮಾರು 54 ಡಿಗ್ರಿ ಎತ್ತರಕ್ಕಷ್ಟೇ ಬರುತ್ತಾನೆ. ಗುಡ್ಡದ ಉತ್ತರದ ಕಡಿದಾದ ಇಳಿಜಾರಿನಲ್ಲಿ ಮನೆ ಇದ್ದರೆ, ಬಾಗಿಲು ಪೂರ್ವಕ್ಕಿದ್ದರೂ ಬಿಸಿಲು ತಡವಾಗಿ ಬಂದು ಬೇಗ ಹೋಗುತ್ತದೆ. ಪೂರ್ವಕ್ಕೆ ಒಂದು ಸಾಲು ಸಿಲ್ವರ್ ಓಕ್ ಇದ್ದರೂ ಸಾಕು, ಬಿಸಿಲು ಅಂಗಳಕ್ಕೆ ಇಳಿಯುವಾಗ ಹತ್ತು ಗಂಟೆ. ದಕ್ಷಿಣ, ಆಗ್ನೇಯ ತೆರೆದಿರುವ ಮನೆ ನೋಡಿ. ಇನ್ನು ಗದ್ದೆ ಪಕ್ಕದ ಮನೆ. ಫೋಟೋದಲ್ಲಿ ಅದಕ್ಕಿಂತ ಚೆಂದ ಇನ್ನೊಂದಿಲ್ಲ, ಒಪ್ಪುತ್ತೇನೆ. ಆದರೆ ತಣ್ಣನೆ ಗಾಳಿ ಭಾರ, ರಾತ್ರಿ ಗುಡ್ಡದಿಂದ ಕೆಳಗಿಳಿದು ಗದ್ದೆಯಲ್ಲೇ ನಿಲ್ಲುತ್ತದೆ, ಮಂಜೂ ಅಲ್ಲೇ ಕೂರುತ್ತದೆ. ಸ್ವಲ್ಪ ಮೇಲಿರುವ ಮನೆಗೆ ಹೋಲಿಸಿದರೆ ಅಲ್ಲಿ ಬೆಳಿಗ್ಗೆ ಚಳಿ ಜಾಸ್ತಿ. ವಯಸ್ಸಾದವರು ಇರುವಾಗ ಇದು ಸಣ್ಣ ವಿಷಯ ಅಲ್ಲ.

ಈಗ ಇರುವ ಮನೆಯನ್ನು ಬೆಚ್ಚಗಿಡುವುದು ಅಷ್ಟು ಕಷ್ಟವಲ್ಲ. ಹನ್ನೊಂದರಿಂದ ಕಿಟಕಿ ತೆರೆದಿಡಿ, ನಾಲ್ಕೂವರೆಗೆಲ್ಲ ಮುಚ್ಚಿ, ದಪ್ಪ ಪರದೆ ಎಳೆಯಿರಿ. ಕತ್ತಲಾದ ಮೇಲೆ ಮುಚ್ಚಿದರೆ ಹಗಲಿನ ಬಿಸಿ ಅಷ್ಟರಲ್ಲೇ ಹೋಗಿರುತ್ತದೆ. ಹಾಸಿಗೆ, ಕಂಬಳಿ, ದಿಂಬು ಎಲ್ಲ ಬಿಸಿಲಿಗೆ ಹಾಕಿ ಬಿಸಿ ಆರುವ ಮೊದಲೇ ಒಳಗೆ ತನ್ನಿ. ನೆಲಕ್ಕೆ ಚಾಪೆ, ಅದರ ಮೇಲೆ ಹಳೇ ಕಂಬಳಿ. ಹೆಂಚಿನ ಮನೆಗೆ ಮುಚ್ಚಿಗೆ ಇಲ್ಲದಿದ್ದರೆ ಬಿಸಿಯೆಲ್ಲ ಮೇಲಿಂದ ಹೋಗಿಬಿಡುತ್ತದೆ, ಆಗ ಅಮ್ಮ ಮಲಗುವ ಕೋಣೆಗೆ ಮಾತ್ರ ಬಟ್ಟೆಯದ್ದಾದರೂ ಒಂದು ಮುಚ್ಚಿಗೆ ಕಟ್ಟಿಸಿ. ಸಂಜೆ ಮೇಲೆ ಎಲ್ಲರೂ ಒಂದೇ ಕೋಣೆಯಲ್ಲಿರಿ. ಮಡಿಕೇರಿಯಲ್ಲಿ ರಾತ್ರಿ 12 ಡಿಗ್ರಿ ಆಸುಪಾಸಿಗೆ ಇಳಿದಾಗ ನಾಲ್ಕು ಜನ ಒಂದು ಕೋಣೆಯಲ್ಲಿ ಕೂತರೇ ವ್ಯತ್ಯಾಸ ಗೊತ್ತಾಗುತ್ತದೆ.

ಒಂದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಬೇಡಿ. ಗಾಳಿ ಆಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಕೂಡ ಬೇಡ. ಇವೆರಡರಿಂದಲೂ ಬರುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ಹೋಗಬಹುದು.

ಈಗ ಮುಖ್ಯ ವಿಷಯ. ನೀವು ಇನ್ನೂ ಕೊಡಗಿನ ಮಳೆ ನೋಡಿಲ್ಲ. ಡಿಸೆಂಬರ್‌ನಲ್ಲಿ ಎಲ್ಲ ಮನೆಯೂ ಚೆಂದ. ಮಳೆ ಮುಗಿದ ಮೇಲೆ ಸುಣ್ಣ ಬಣ್ಣ ಆಗಿರುತ್ತದೆ, ಅಂಗಳದಲ್ಲಿ ಕಾಫಿ ಹರಡಿರುತ್ತಾರೆ, ಕಿತ್ತಳೆ ಬಿಟ್ಟಿರುತ್ತದೆ, ಮನಸ್ಸು ಸೋಲುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. 30 ಕಿಲೋಮೀಟರ್ ದೂರದ ಕುಶಾಲನಗರದಲ್ಲಿ ಅದರ ಮೂರನೇ ಒಂದು ಭಾಗದಷ್ಟು. ಭಾಗಮಂಡಲದ ಕಡೆ ಹೋದರೆ ಮಡಿಕೇರಿಗಿಂತಲೂ ಜಾಸ್ತಿ. ಹಾಗಾಗಿ ಮೊದಲು ಯಾವ ಮಳೆಯಲ್ಲಿ ಇರಬಲ್ಲಿರಿ ಅಂತ ತೀರ್ಮಾನ ಮಾಡಿ. ಅಮ್ಮನಿಗೆ ಉಬ್ಬಸ, ಕೀಲುನೋವು ಏನಾದರೂ ಇದ್ದರೆ ನಾನಾದರೆ ಕುಶಾಲನಗರ, ಸುಂಟಿಕೊಪ್ಪದ ಕಡೆಯೇ ನೋಡುತ್ತೇನೆ. ನಿಮ್ಮ ಪಟ್ಟಿ ಅಲ್ಲೇ ಅರ್ಧ ಆಗುತ್ತದೆ.

ನಾವು ಹೆಚ್ಚುಕಡಿಮೆ ಮುಂಗಡ ಕೊಡುವ ಹಂತಕ್ಕೆ ಹೋಗಿದ್ದ ಒಂದು ಮನೆ ಇತ್ತು. ಹೊಸ ಬಣ್ಣ, ಹೊಳೆಯುವ ನೆಲ. ಒಳಕೋಣೆಯ ಗೋಡೆಗೆ ದೊಡ್ಡ ಕ್ಯಾಲೆಂಡರ್ ನೇತುಹಾಕಿದ್ದರು. ಮಗಳು ಹಬ್ಬ ಯಾವಾಗ ನೋಡೋಣ ಅಂತ ಹಾಳೆ ಮಗುಚಲು ಹೋದಳು, ಕ್ಯಾಲೆಂಡರ್ ಪಕ್ಕಕ್ಕೆ ಸರಿಯಿತು. ಹಿಂದೆ ಗೋಡೆಯ ಬಣ್ಣ ಹಪ್ಪಳದ ಹಾಗೆ ಉಬ್ಬಿತ್ತು. ಬೆರಳಿಟ್ಟರೆ ಪುಡಿ ಉದುರಿತು, ಒಳಗೆ ಕಪ್ಪು ಬೂಷ್ಟು. ಆಮೇಲೆ ಬೀರು ತೆಗೆದು ನೋಡಿದೆ, ಒದ್ದೆ ಬಟ್ಟೆ ಮಡಿಸಿಟ್ಟ ವಾಸನೆ. ಡಿಸೆಂಬರ್‌ನಲ್ಲೇ ಹೀಗಿದ್ದರೆ ಜುಲೈನಲ್ಲಿ ಹೇಗಿರಬಹುದು? ಅವತ್ತಿನಿಂದ ನಾನು ಎಲ್ಲೇ ಹೋದರೂ ಮೊದಲು ನೋಡುವುದು ಬೀರುವಿನ ಹಿಂಭಾಗ, ಗೋಡೆಯ ಬುಡ, ಹೆಂಚಿನ ಕೆಳಗಿನ ರೀಪು, ಅಂದರೆ ಮರದ ಪಟ್ಟಿ. ರೀಪಿನ ಮೇಲೆ ನೀರಿಳಿದ ಕಪ್ಪು ಗೆರೆ ಇದ್ದರೆ ಅಲ್ಲಿ ಸೋರುತ್ತದೆ ಅಂತಲೇ ಅರ್ಥ.

ಮನೆಯ ಹಿಂದೆ ಬರೆ, ಅಂದರೆ ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆ, ಇದೆಯಾ ನೋಡಿ. ಗುಡ್ಡ ಕಡಿದು ಸಮತಟ್ಟು ಮಾಡಿ ಕಟ್ಟಿದ ಮನೆಗಳು ಮಡಿಕೇರಿಯಲ್ಲಿ ಬಹಳ. ಬರೆ ಎಷ್ಟು ನೆಟ್ಟಗಿದೆ, ಮನೆಗೆ ಎಷ್ಟು ಹತ್ತಿರ, ತಡೆಗೋಡೆಯಲ್ಲಿ ನೀರು ಹೊರಬರಲು ತೂತು ಬಿಟ್ಟಿದ್ದಾರಾ, ಮೇಲಿನ ನೀರಿಗೆ ಚರಂಡಿ ಇದೆಯಾ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದದ್ದನ್ನು ಕಂಡವರು ನಾವು. ಆಮೇಲೆ 2019ರಲ್ಲಿ ತೋರ ಗ್ರಾಮ, 2020ರಲ್ಲಿ ತಲಕಾವೇರಿ. ಆಗಸ್ಟ್ ಬಂದರೆ ಈಗಲೂ ರಾತ್ರಿ ಮಳೆ ಶಬ್ದಕ್ಕೆ ಎಚ್ಚರವಾಗುತ್ತದೆ. ಬಯಲು ಸೀಮೆಯ ಹಾಗಿದೆ ಅಂತ ಹೊಳೆ ಹತ್ತಿರ ಹೋದರೆ ಅಲ್ಲೂ ಕೇಳಿ ನೋಡಬೇಕು. ಕುಶಾಲನಗರದಲ್ಲಿ ಕಾವೇರಿ ಪಕ್ಕದ ಬಡಾವಣೆಗಳಿಗೆ 2018, 2019ರಲ್ಲಿ ನೀರು ನುಗ್ಗಿತ್ತು, ನೆಲ್ಯಹುದಿಕೇರಿ, ಕರಡಿಗೋಡಿನಲ್ಲೂ 2019ರಲ್ಲಿ ಮನೆಗಳು ಹೋದವು. ಮಾರುವವರನ್ನು ಕೇಳಬೇಡಿ. ಪಕ್ಕದ ಮನೆಯವರನ್ನು, ಎದುರಿನ ಅಂಗಡಿಯವರನ್ನು ಕೇಳಿ: ಆ ವರ್ಷ ನೀರು ಎಲ್ಲಿವರೆಗೆ ಬಂತು? ಯಾರೂ ಸುಳ್ಳು ಹೇಳುವುದಿಲ್ಲ, ಗೋಡೆ ಮೇಲೆ ಕೈಯಿಟ್ಟು ತೋರಿಸುತ್ತಾರೆ.

ಬಾವಿಯ ವಿಷಯವೂ ಹಾಗೇ. ಈಗ ತುಂಬಿರುತ್ತದೆ. ಏಪ್ರಿಲ್‌ನಲ್ಲಿ ಎಷ್ಟಿರುತ್ತದೆ ಅಂತ ಕೇಳಿ. ಸಿದ್ದಾಪುರ, ತಿತಿಮತಿ ಕಡೆ ತೋಟದೊಳಗಿನ ಮನೆಯಾದರೆ ಆನೆ ಬರುವ ದಾರಿ ಯಾವುದು, ಮಕ್ಕಳು ಬಸ್ಸಿಗೆ ಎಷ್ಟು ದೂರ ನಡೆಯಬೇಕು ಅಂತಲೂ ಕೇಳಲೇಬೇಕು.

ಕಾಗದ ಪತ್ರದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮನೆಗೆ ಎರಡನೇ ಸಲ ಹೋಗುವ ಮೊದಲೇ ಪಹಣಿ, ಇ.ಸಿ. (ಋಣಭಾರ ಪತ್ರ), ಭೂಪರಿವರ್ತನೆ ಆದೇಶದ ನಕಲು ಕೇಳಿ. ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತು, ಅಂದರೆ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ ಕೂಡ. ಪಹಣಿಯಲ್ಲಿ ಜಮ್ಮಾ ಅಂತಿದ್ದರೆ, ಅಂದರೆ ವಂಶಪಾರಂಪರ್ಯವಾಗಿ ಬಂದ ಜಮೀನಾದರೆ, ಕುಟುಂಬದ ಹಲವರ ಹಕ್ಕು ಅದರಲ್ಲಿರುತ್ತದೆ, ಒಬ್ಬರ ಮಾತು ನಂಬಿ ಮುಂಗಡ ಕೊಡಬೇಡಿ. ಬಾಣೆ (ಗದ್ದೆಗೆ ಸೇರಿದ ಕಾಡು ಜಮೀನು), ಪೈಸಾರಿ (ಸರ್ಕಾರಿ ಜಮೀನು) ಅನ್ನುವ ಮಾತು ಬಂದರೂ ಅಷ್ಟೇ. ಕೊಡಗಿನ ಜಮೀನಿನ ಲೆಕ್ಕ ಮೈಸೂರಿನ ಹಾಗಲ್ಲ, ಇಲ್ಲಿಯ ವಕೀಲರಿಗೇ ತೋರಿಸಿ. ಕಾಗದ ಕೊಡಲು ಹಿಂದೆ ಮುಂದೆ ನೋಡುವವರ ಮನೆಯನ್ನು ಪಟ್ಟಿಯಿಂದ ತೆಗೆದುಬಿಡಿ.

ಹುಡುಕುವುದಕ್ಕೆ ಚಳಿಗಾಲ ಒಳ್ಳೆಯ ಕಾಲ, ಯಾಕೆಂದರೆ ಜನ ಊರಲ್ಲಿರುತ್ತಾರೆ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಬೆಂಗಳೂರಿನಿಂದ ಮಕ್ಕಳು ಬರುತ್ತಾರೆ, ಖಾಲಿ ಬಿದ್ದಿರುವ ಮನೆ ಏನು ಮಾಡೋಣ ಅನ್ನುವ ಮಾತು ಆಗಲೇ ಬರುವುದು. ನಮ್ಮ ಮನೆ ಸಿಕ್ಕಿದ್ದೂ ಹಾಗೇ. ಹುತ್ತರಿ ಮಾರನೇ ದಿನ ಗೆಣಸು, ಜೇನು ಕೊಟ್ಟು ಕೂರಿಸಿದ ಹಳೇ ಪರಿಚಯದವರೊಬ್ಬರು, ನಮ್ಮ ಚಿಕ್ಕಪ್ಪನ ಮನೆ ಬೀಗ ಹಾಕಿದ್ದೇ ಇದೆ, ನೋಡಿ ಬನ್ನಿ ಅಂದರು. ಯಾವ ಬ್ರೋಕರ್ ಪಟ್ಟಿಯಲ್ಲೂ ಅದು ಇರಲಿಲ್ಲ. ಆಫೀಸಿನಲ್ಲಿ, ಹಾಲಿನವರಲ್ಲಿ, ಸೌದೆ ಹಾಕುವವರಲ್ಲಿ ಹೇಳಿಡಿ. ರಸ್ತೆ ಬದಿಯ ಒಳ್ಳೆಯ ಮನೆಗಳನ್ನು ಹೋಂಸ್ಟೇ ಮಾಡುವವರು ಬೇಗ ಹಿಡಿಯುತ್ತಾರೆ, ಅವರ ಜೊತೆ ಪೈಪೋಟಿಗೆ ಬೀಳಬೇಡಿ.

ಭಾನುವಾರಕ್ಕೆ ಎರಡೇ ಮನೆ. ಬೆಳಿಗ್ಗೆ ಎಂಟಕ್ಕೆ ಶುರುಮಾಡಿ, ಇಷ್ಟವಾದ ಮನೆಗೆ ಇನ್ನೊಂದು ದಿನ ಸಂಜೆ ಐದಕ್ಕೆ ಮತ್ತೆ ಹೋಗಿ. ಪ್ರತಿ ಮನೆಗೂ ಪುಸ್ತಕದಲ್ಲಿ ಒಂದು ಪುಟ, ನಿಮ್ಮ ಮೂರು ಸಾಲಿನ ಎದುರು ಇದೆ, ಇಲ್ಲ ಅಂತ ಅಷ್ಟೇ ಬರೆಯಿರಿ. ಅಮ್ಮನನ್ನು ಎಲ್ಲ ಕಡೆ ಕರೆದುಕೊಂಡು ಹೋಗಿ ದಣಿಸಬೇಡಿ. ಕೊನೆಗೆ ಉಳಿದ ಎರಡು ಮನೆಗೆ ಮಾತ್ರ ಕರೆದುಕೊಂಡು ಹೋಗಿ, ಬೆಳಿಗ್ಗೆಯೇ ಹೋಗಿ, ಜೊತೆಗೆ ಫ್ಲಾಸ್ಕಿನಲ್ಲಿ ಕಾಫಿ, ಒಂದು ಮಣೆ ಇರಲಿ. ಜಗಲಿಯಲ್ಲಿ ಅರ್ಧ ಗಂಟೆ ಕೂರಲು ಮಾರುವವರು ಬೇಡ ಅನ್ನುವುದಿಲ್ಲ. ನಮ್ಮ ಅತ್ತೆ ಈ ಮನೆಗೆ ಮೊದಲು ಬಂದ ದಿನ ಒಳಗೆ ಕೋಣೆ ಎಷ್ಟಿದೆ ಅಂತ ಕೇಳಲೇ ಇಲ್ಲ. ಬಿಸಿಲಿಗೆ ಬೆನ್ನು ಕೊಟ್ಟು ಕೂತರು, ಹನ್ನೊಂದೂವರೆಯಾದರೂ ಏಳಲಿಲ್ಲ.

ನಿಮ್ಮ ಮೂರು ಸಾಲು ಸಿಕ್ಕಿದ ಮೇಲೆ ಇಲ್ಲೇ ಬರೆಯಿರಿ, ಸುಂಟಿಕೊಪ್ಪ, ಕುಶಾಲನಗರದ ಕಡೆ ಯಾವ ಭಾಗ ಹೊಂದುತ್ತದೆ ಅಂತ ನನಗೆ ತಿಳಿದಷ್ಟು ಹೇಳುತ್ತೇನೆ.