ಮರುಭೂಮಿ ಊರಿನ ಸೇಡಿನ ಕಿರುಚಿತ್ರಕ್ಕೆ ಜೈಸಲ್ಮೇರ್‌ಗೇ ಹೋಗಬೇಕಾ, ಇಲ್ಲೇ ಗ್ರೀನ್ ಮ್ಯಾಟ್ (ಹಸಿರು ಬಟ್ಟೆ) ಹಾಕಿ ಗ್ರಾಫಿಕ್ಸ್‌ನಲ್ಲಿ ಮರುಭೂಮಿ ಸೇರಿಸಿದರೆ ಸಾಕಾ?

ನಿಮ್ಮ ಕಥೆಯಲ್ಲಿ ಮಗ ಅಪ್ಪನನ್ನು ಕೊಂದವರನ್ನು ಹುಡುಕಿಕೊಂಡು ಬರುತ್ತಾನೆ. ನಮ್ಮದರಲ್ಲಿ ತಮ್ಮ ಅಣ್ಣನನ್ನು ಕೊಂದವರನ್ನು ಹುಡುಕಿಕೊಂಡು ಬರುತ್ತಿದ್ದ. ಅಷ್ಟೇ ವ್ಯತ್ಯಾಸ.

ನಾವು ಹೋದೆವು. ಗೆಳೆಯರೆಲ್ಲ ದುಡ್ಡು ಹಾಕಿಕೊಂಡು, ಬೆಂಗಳೂರಿನಿಂದ ರೈಲಿನಲ್ಲಿ. ಜೈಸಲ್ಮೇರ್‌ನಿಂದ ಸುಮಾರು 40 ಕಿಲೋಮೀಟರ್ ಆಚೆಯ ಸಮ್ ಮರಳು ದಿಬ್ಬಗಳು ನಮ್ಮ ಲೊಕೇಶನ್. ಮೊದಲ ಶಾಟ್‌ನಲ್ಲಿ ನಾಯಕ ದೂರದಿಂದ ಒಬ್ಬನೇ ನಡೆದು ಬರಬೇಕು. ಸುತ್ತ ನರಪಿಳ್ಳೆಯೂ ಇರಬಾರದು.

ಪ್ರವಾಸಿಗರು ಏಳುವ ಮೊದಲೇ ಅಲ್ಲಿದ್ದೆವು. ರಾತ್ರಿಯ ಗಾಳಿಗೆ ಮರಳಿನ ಮೇಲೆಲ್ಲ ಸಣ್ಣ ಸಣ್ಣ ಅಲೆ ಗೆರೆ. ನಾನು ನಿರ್ದೇಶಕ. ನಾಯಕನಿಗೆ 'ಒಂದ್ಸಲ ನಡೆದು ತೋರಿಸು' ಅಂದೆ. ಅವನು ನಡೆದ. ಫೋಕಸ್ ನೋಡಲು ಕ್ಯಾಮೆರಾಮನ್ ನಡೆದ. ಹಾಗಲ್ಲ, ಹೀಗೆ ಅಂತ ತೋರಿಸಲು ನಾನು ನಡೆದೆ. ಒಬ್ಬ ಪುಣ್ಯಾತ್ಮ ಟೀ ಹಿಡಿದುಕೊಂಡು ಅಡ್ಡಡ್ಡ ಬಂದ. ಸೂರ್ಯ ಹುಟ್ಟಿದ ಮೇಲೆ ಮಾನಿಟರ್ ನೋಡಿದರೆ ಸಂತೆ ಮುಗಿದ ಮೈದಾನ!

ಪಕ್ಕದ ಕ್ಯಾಂಪಿನಿಂದ ಪೊರಕೆ ತಂದು ಗುಡಿಸಿದೆವು. ಹೆಜ್ಜೆ ಹೋಯಿತು, ಜೊತೆಗೆ ಗಾಳಿಯ ಗೆರೆಯೂ ಹೋಯಿತು. ಬೆಳಗಿನ ಬಿಸಿಲು ಓರೆಯಾಗಿ ಬೀಳುತ್ತದಲ್ವಾ, ಪೊರಕೆ ಎಳೆದ ಒಂದೊಂದು ಗೀರಿಗೂ ನೆರಳು ಬಂತು. ಗುಡಿಸಿದವನು ವಾಪಸ್ ಬರುವಾಗ ಮತ್ತೆ ಹೆಜ್ಜೆ. ಪಕ್ಕದ ದಿಬ್ಬಕ್ಕೆ ಓಡಿದರೆ ಅಲ್ಲಿ ಒಂಟೆ ಕಾಲು, ಜೀಪಿನ ಚಕ್ರ. ಅಷ್ಟರಲ್ಲಿ ಬೆಳಕು ಕೈಬಿಟ್ಟಿತು.

ಗ್ರಾಫಿಕ್ಸ್‌ನಲ್ಲಿ ಅಳಿಸಬಹುದಿತ್ತಲ್ಲ ಅಂತೀರಿ. ನಾವೂ ಹಾಗೇ ಅಂದುಕೊಂಡು ಶೂಟ್ ಮಾಡಿಬಿಟ್ಟೆವು. ಆದರೆ ಕ್ಯಾಮೆರಾ ನಿಧಾನಕ್ಕೆ ತಿರುಗುತ್ತಿತ್ತು. ಅಂದರೆ ಒಂದೊಂದು ಫ್ರೇಮಿನಲ್ಲೂ ಹಳೆ ಹೆಜ್ಜೆ ಅಳಿಸಬೇಕು, ನಾಯಕ ಆಗಷ್ಟೇ ಇಟ್ಟ ಹೆಜ್ಜೆ ಮಾತ್ರ ಉಳಿಸಬೇಕು. ಆ ಕೆಲಸಕ್ಕೆ ಹೇಳಿದ ರೇಟಿಗೆ ಇಡೀ ಯೂನಿಟ್ ಇನ್ನೊಮ್ಮೆ ರಾಜಸ್ಥಾನ ನೋಡಿ ಬರಬಹುದಿತ್ತು. ಆ ಶಾಟ್ ಇಲ್ಲದೆ ಚಿತ್ರಕ್ಕೆ ಆರಂಭವೇ ಇಲ್ಲ. ಹಾರ್ಡ್ ಡಿಸ್ಕ್‌ನಲ್ಲೇ ಉಳಿಯಿತು.

ಮರಳಿನಲ್ಲಿ ಮಾಡುವವರು ರಿಹರ್ಸಲ್ಲನ್ನು ಬೇರೆ ಕಡೆ ಮಾಡಬೇಕು. ರೀಟೇಕ್ ಬೇಕಾದರೆ ಕ್ಯಾಮೆರಾವನ್ನೇ ಹೊಸ ಜಾಗಕ್ಕೆ ತಿರುಗಿಸಬೇಕು. ಫೈಟನ್ನಂತೂ ಕಥೆ ನಡೆಯುವ ಕ್ರಮದಲ್ಲೇ ತೆಗೆಯಬೇಕು. ಇಲ್ಲದಿದ್ದರೆ ಹೊಡೆದಾಟ ಶುರುವಾಗುವ ಮೊದಲೇ ನೆಲ ಕೆದರಿಹೋಗಿರುತ್ತದೆ.

ಆದರೆ ನಿಮಗೆ ಮರಳು ಯಾಕೆ ಬೇಕು? ನಿಮಗೆ ಬೇಕಿರುವುದು ಬಾಯಾರಿದ ಒಂದು ಊರು. ಸರ್ಜಿಯೋ ಲಿಯೋನೆ 1968ರಲ್ಲಿ ಮಾಡಿದ 'ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್' ನೋಡಿ. ಅದೂ ಅಣ್ಣನ ಸಾವಿಗೆ ಸೇಡು. ಮೊದಲಲ್ಲಿ ಮೂವರು ಬಂದೂಕಿನವರು ರೈಲು ಕಾಯುತ್ತಾರೆ. ಒಬ್ಬನ ಮುಖದ ಮೇಲೆ ನೊಣ, ಇನ್ನೊಬ್ಬನ ಟೋಪಿ ಮೇಲೆ ತೊಟ್ಟಿಕ್ಕುವ ನೀರು, ಎಲ್ಲೋ ಕಿರುಗುಟ್ಟುವ ಗಾಳಿಯಂತ್ರ. ಹಿನ್ನೆಲೆ ಸಂಗೀತವೇ ಇಲ್ಲ. ಕಾಲ ಕೆಳಗೆ ಮರದ ಹಲಗೆ, ಮರಳಲ್ಲ. ಕಥೆ ಅಮೆರಿಕದ್ದಾದರೂ ಆ ದೃಶ್ಯ ತೆಗೆದದ್ದು ಸ್ಪೇನಿನಲ್ಲಿ. ಅಂಥ ಎಷ್ಟೋ ಚಿತ್ರಗಳು ತಯಾರಾದ ಅಲ್ಲಿನ ತಬೆರ್ನಾಸ್ ಕೂಡ ಒಣಗಿದ ಗಟ್ಟಿ ನೆಲ, ಕೊರಕಲು. ಇಷ್ಟೆಲ್ಲ ಯಾಕೆ, 1975ರ 'ಶೋಲೆ'ಯ ಠಾಕೂರ್ ಸೇಡು ತೀರಿಸಿಕೊಂಡದ್ದು ನಮ್ಮ ರಾಮನಗರದ ಬಂಡೆಗಳ ನಡುವೆ.

ಹಾಗಾಗಿ ಬೇಸಿಗೆಯಲ್ಲಿ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಒಂದು ಸುತ್ತು ಹಾಕಿ. ಒಂದು ಬೀದಿ, ಒಂದು ಚಹಾದಂಗಡಿ, ಮುಚ್ಚಿದ ನಾಲ್ಕು ಬಾಗಿಲು ಸಿಕ್ಕರೆ ಸಾಕು. ಗ್ರೀನ್ ಮ್ಯಾಟ್ ಬೇಡವೇ ಬೇಡ. ಅದರ ಮೇಲೆ ನಡೆದರೆ ಧೂಳು ಏಳುವುದಿಲ್ಲ, ಮುಖಕ್ಕೆ ಹಸಿರು ಹೊಡೆಯುತ್ತದೆ. ಮರಳೇ ಬೇಕು ಅಂತ ಹಟವಿದ್ದರೆ ತಲಕಾಡು ಇದೆ. ಅಲಮೇಲಮ್ಮನ ಶಾಪಕ್ಕಿಂತ ದೊಡ್ಡ ಸೇಡಿನ ಕಥೆ ಯಾವುದಿದೆ ಹೇಳಿ! ಆದರೆ ದೇವಸ್ಥಾನಗಳ ಹತ್ತಿರ ಅನುಮತಿ ಬೇಕು, ಮರಗಳು ಫ್ರೇಮಿಗೆ ಬರದ ಕೋನ ಹುಡುಕಬೇಕು.

ಎಲ್ಲೇ ಮಾಡಿ, ಆಟಿಕೆ ಬಂದೂಕು ಹಿಡಿದು ಬೀದಿಗಿಳಿಯುವ ಮೊದಲು ಪೊಲೀಸ್ ಠಾಣೆಗೆ ತಿಳಿಸಿಬಿಡಿ.