ಆ ರಟ್ಟಿನ ತುಂಡಿನಿಂದ ಶುರು ಮಾಡಿ

ನಮಸ್ಕಾರ,

ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳು ಹೊಸದನ್ನು ಮಾಡಲು ಏನು ಕಾರಣ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ.

ನೀವು ಬಳಸಿದ್ದು, ಕೆಲಸದಲ್ಲಿ ಯಾರು ಎಷ್ಟು ಹೊಸದನ್ನು ಮಾಡುತ್ತಾರೆ ಎಂದು ಅಳೆಯಲು ಸಂಶೋಧಕ ಯಾನ್ಸೆನ್ 2000ದಲ್ಲಿ ಕೊಟ್ಟ ಒಂಬತ್ತು ಪ್ರಶ್ನೆಗಳ ಅಳತೆಗೋಲು. ಹೊಸ ಯೋಚನೆ ಹೊಳೆಯುವುದಕ್ಕೆ ಮೂರು ಪ್ರಶ್ನೆ, ಅದಕ್ಕೆ ಉಳಿದವರನ್ನು ಒಪ್ಪಿಸುವುದಕ್ಕೆ ಮೂರು, ಜಾರಿಗೆ ತರುವುದಕ್ಕೆ ಮೂರು. ನೀವು ಎಲ್ಲವನ್ನೂ ಕೂಡಿಸಿ ಒಂದೇ ಅಂಕ ಮಾಡಿದ್ದೀರಿ. ಯಾನ್ಸೆನ್ ಕೂಡ ಕೂಡಿಸಿದ್ದರು, ನಿಜ. ಆದರೆ ಅವರು ಹುಡುಕುತ್ತಿದ್ದುದು ಕೆಲಸದ ಹೊರೆ, ದುಡಿಮೆಗೆ ತಕ್ಕ ಪ್ರತಿಫಲದ ಬಗ್ಗೆ. ನಿಮ್ಮ ಪ್ರಶ್ನೆ ಬೇರೆ.

ನಿಮ್ಮ ಲೇಖನದ ಜೀವ ಆರನೇ ಪುಟದಲ್ಲಿ ಅಡಗಿ ಕೂತಿದೆ. ಗಾರ್ಮೆಂಟ್ಸ್‌ನಲ್ಲಿ ಜೇಬು ಹೊಲಿಯುವ ಹೆಂಗಸು ರಟ್ಟು ಕತ್ತರಿಸಿ ಒಂದು ಅಚ್ಚು ಮಾಡಿಕೊಂಡಳು. ಜೇಬು ಓರೆಯಾಗುವುದು ನಿಂತಿತು. ವಾರದೊಳಗೆ ಇಡೀ ಲೈನ್ ಅದನ್ನೇ ಬಳಸಿತು. ಮೀಟಿಂಗಿನಲ್ಲಿ ಹೆಸರು ಬಂದದ್ದು ಸೂಪರ್‌ವೈಸರದ್ದು. ಈಗ ಆಕೆಗೆ ಅಂಕ ಕೊಡಿ ನೋಡೋಣ. ಹೊಳೆದದ್ದಕ್ಕೆ ಜಾಸ್ತಿ, ಜಾರಿಗೆ ತಂದದ್ದಕ್ಕೂ ಜಾಸ್ತಿ, ನಡುವಿನ ಮೂರಕ್ಕೆ ಏನೂ ಇಲ್ಲ. ಕೂಡಿಸಿದರೆ ಆಕೆ 'ಸಾಧಾರಣ'. ಯೋಚನೆ ಎಲ್ಲಿ ಆಕೆಯ ಕೈತಪ್ಪಿತು ಅನ್ನುವುದು ಆ ಮೊತ್ತದಲ್ಲಿ ಕಾಣುವುದೇ ಇಲ್ಲ, ಅಲ್ವಾ? ಮೂರು ಅಂಕಗಳನ್ನೂ ಬೇರೆ ಬೇರೆಯಾಗಿಯೇ ತೋರಿಸಿ.

'ಮೇಲಿನವರ ಪ್ರೋತ್ಸಾಹವೇ ಕಾರಣ' ಎಂದು ತೀರ್ಮಾನಿಸಿದ್ದೀರಿ. ಪ್ರೋತ್ಸಾಹ ಸಿಗುತ್ತದೆಯೇ, ಹೊಸದನ್ನು ಮಾಡುತ್ತೀರಾ, ಎರಡನ್ನೂ ಅದೇ ದಿನ, ಅದೇ ಹಾಳೆಯಲ್ಲಿ, ಅದೇ ಹೆಂಗಸಿಗೆ ಕೇಳಿದ್ದೀರಿ. ಅಂದು ಮನಸ್ಸು ಹಗುರಾಗಿದ್ದರೆ ಎರಡಕ್ಕೂ ಜಾಸ್ತಿ ಅಂಕ ಬೀಳುತ್ತದೆ. ಹೊಸದನ್ನು ಮಾಡುವವರಿಗೇ ಪ್ರೋತ್ಸಾಹ ಸಿಗುತ್ತಿರಲೂಬಹುದು. ಸ್ಕಾಟ್ ಮತ್ತು ಬ್ರೂಸ್ ಎಂಬ ಸಂಶೋಧಕರು 1994ರಲ್ಲಿ ಅಮೆರಿಕದ ಎಂಜಿನಿಯರು, ವಿಜ್ಞಾನಿಗಳು ಎಷ್ಟು ಹೊಸದನ್ನು ಮಾಡುತ್ತಾರೆ ಎಂದು ಅವರ ಮೇಲಧಿಕಾರಿಗಳನ್ನೇ ಕೇಳಿದ್ದರು. ಹಾಗಂತ ಸೂಪರ್‌ವೈಸರನ ಮಾತನ್ನೇ ನಂಬಿದರೆ ಆ ರಟ್ಟು ಮತ್ತೆ ಅವನದ್ದೇ ಆಗುತ್ತದೆ! ಇಬ್ಬರನ್ನೂ ಕೇಳಿ. ಉತ್ತರಗಳು ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ನಿಂತು ಬರೆಯಿರಿ. ಸಾಧ್ಯವಾದರೆ ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಕೇಳಿ.

ಗಂಡಸರನ್ನು ನೀವು ಕೇಳಿಯೇ ಇಲ್ಲ. ಹಾಗಾಗಿ 'ಇದು ಹೆಣ್ಣುಮಕ್ಕಳಿಗೆ ಮಾತ್ರ' ಎಂಬ ಸಾಲು ನಿಲ್ಲುವುದಿಲ್ಲ. 'ಸಬಲೀಕರಣ'ದ ಮೊದಲ ಎರಡು ಪುಟವೂ ಬೇಡ.

ಆ ಹೆಂಗಸನ್ನು ಇನ್ನೊಮ್ಮೆ ಭೇಟಿ ಮಾಡಿ. ಆಮೇಲೆ ಇನ್ಯಾವುದಾದರೂ ಉಪಾಯ ಹೊಳೆಯಿತೇ, ಹೊಳೆದರೆ ಯಾರಿಗೆ ಹೇಳಿದಳು, ಕೇಳಿ. ಅವಳ ಮಾತಿನಲ್ಲೇ ಬರೆದು ಕಳಿಸಿ. ನಾನು ಕಾಯುತ್ತೇನೆ.

ಸಂಪಾದಕಿ